ಓದುಗರು ಕೇಳಿದ್ದು: ಹದಿಮೂರೆಲೆಯ ರಮ್ಮಿ, ಊರಿಗೊಂದು ಕಟ್ಟಳೆ

ಶಿವರಾತ್ರಿಯ ಜಾಗರಣೆ ಮುಗಿದ ಮೇಲೆ ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಇಸ್ಪೀಟಿನ ಪ್ರಶ್ನೆಗಳು ಹೆಚ್ಚುತ್ತವೆ. ಈ ಬಾರಿ ಬಳ್ಳಾರಿ, ರಾಯಚೂರು, ಕೊಪ್ಪಳ ಜಿಲ್ಲೆಗಳಿಂದ ಬಂದ ಪತ್ರಗಳಲ್ಲಿ ಬಹುಪಾಲು ರಮ್ಮಿಯ ತಕರಾರುಗಳೇ ಇದ್ದುದರಿಂದ ಅವುಗಳನ್ನೆಲ್ಲ ಒಟ್ಟಿಗೆ ಉತ್ತರಿಸುತ್ತಿದ್ದೇನೆ. ಹೊಸಬರಿಗೆ ಒಂದು ಮಾತು: ಎಲೆ ಎಳೆಯುತ್ತ, ಒಗೆಯುತ್ತ ಕೈಯ ಎಲೆಗಳನ್ನು ಕೂಡಿಸುವ ಈ ಆಟದಲ್ಲಿ ಒಂದೇ ಬಣ್ಣದ (ಆಟೀನ್, ಕಳಾವರ್, ಡೈಮಂಡ್ ಅಥವಾ ಇಸ್ಪೀಟ್) ಸಾಲಾದ ಮೂರು ಅಥವಾ ಹೆಚ್ಚು ಎಲೆಗಳು ಸೀಕ್ವೆನ್ಸ್, ಬೇರೆ ಬೇರೆ ಬಣ್ಣದ ಒಂದೇ ಅಂಕಿಯ ಎಲೆಗಳು ಸೆಟ್, ಬೇರೆ ಎಲೆಯ ಬದಲಿಗೆ ನಡೆಯುವುದು ಜೋಕರ್. ಎಲ್ಲ ಕೂಡಿತೆಂದು ಕೈ ತೋರಿಸುವುದು ಶೋ, ಆಗ ಉಳಿದವರ ಕೂಡದ ಎಲೆಗಳ ಪಾಯಿಂಟ್ ಅವರವರ ಹೆಸರಿಗೆ ಬೀಳುತ್ತದೆ. ಲೋಕಕ್ಕೆಲ್ಲ ಒಂದೇ ಎನ್ನಬಹುದಾದ ನಿಯಮ ಪುಸ್ತಕ ರಮ್ಮಿಗೆ ಇಲ್ಲ. ಆದ್ದರಿಂದ ಹೆಚ್ಚಿನ ಕಡೆ ನಡೆಯುವ ಪದ್ಧತಿ ಯಾವುದು, ಅದನ್ನು ಬದಲಿಸಿದರೆ ಕೈಯಲ್ಲಿರುವ ಎಲೆಗಳ ಲೆಕ್ಕ ಹೇಗೆ ಬದಲಾಗುತ್ತದೆ ಎಂಬುದನ್ನು ಹೇಳುವುದೇ ನ್ಯಾಯವಾದ ಉತ್ತರವೆಂದು ನಾನು ನಂಬಿದ್ದೇನೆ.

ಪ್ರಶ್ನೆ: ನನ್ನ ಕೈಯಲ್ಲಿ ಒಂದು ಅಸಲಿ ಸೀಕ್ವೆನ್ಸ್ ಮತ್ತು ಎರಡು ಸೆಟ್ ಇದ್ದಾಗ ಎದುರಿನವರು ಶೋ ಮಾಡಿದರು. ಬಿಡಿ ಎಲೆಗಳನ್ನಷ್ಟೇ ಎಣಿಸಿ ನಾನು 25 ಬರೆಯಲು ಹೇಳಿದೆ. ಬಳ್ಳಾರಿಯಿಂದ ಬಂದಿದ್ದ ಷಡ್ಡಕರು ಫುಲ್ ಕೌಂಟ್ 80 ಎಂದು ಪಟ್ಟು ಹಿಡಿದರು. ಯಾರದು ಸರಿ? (ಸಿಂಧನೂರಿನ ಓದುಗರು)

ಉತ್ತರ: ನೀವು ಬರೆದು ಕಳಿಸಿದ ಕೈಯನ್ನು ಉಳಿದ ಓದುಗರಿಗೂ ತೋರಿಸುತ್ತೇನೆ: ಆಟೀನ್ 4, 5, 6, ಆಟೀನ್, ಕಳಾವರ್, ಡೈಮಂಡ್ ಮೂರರ 9, ಅದೇ ಮೂರು ಬಣ್ಣಗಳ ರಾಣಿಯರು, ಬಿಡಿಯಾಗಿ ಇಸ್ಪೀಟ್ 10, ಇಸ್ಪೀಟ್ ಗುಲಾಮ, ಕಳಾವರ್ 2, ಡೈಮಂಡ್ 3. ಎಕ್ಕ, ರಾಜ, ರಾಣಿ, ಗುಲಾಮರಿಗೆ ತಲಾ 10, ಉಳಿದವುಗಳಿಗೆ ಮುಖಬೆಲೆ ಎಂದಿಟ್ಟುಕೊಂಡರೆ ಬಿಡಿ ನಾಲ್ಕು ಎಲೆಗಳ ಮೊತ್ತ ನೀವು ಹೇಳಿದಂತೆ 25 ಆಗುತ್ತದೆ.

ಇಂದು ಭಾರತದಲ್ಲಿ ಹೆಚ್ಚು ಬಳಕೆಯಲ್ಲಿರುವ ನಿಯಮದ ಪ್ರಕಾರ ಕೈ ಪೂರ್ಣವಾಗಲು ಕನಿಷ್ಠ ಎರಡು ಸೀಕ್ವೆನ್ಸ್ ಬೇಕು, ಅವುಗಳಲ್ಲಿ ಒಂದು ಜೋಕರ್ ಇಲ್ಲದ ಅಸಲಿ ಸೀಕ್ವೆನ್ಸ್ ಆಗಿರಬೇಕು. ಫಸ್ಟ್ ಲೈಫ್, ಸೆಕೆಂಡ್ ಲೈಫ್ ಎಂದು ಕರೆಯುವುದು ಇವನ್ನೇ. ಎರಡನೆಯದು ಇಲ್ಲದಿದ್ದರೆ ಅಸಲಿ ಸೀಕ್ವೆನ್ಸಿನ ಎಲೆಗಳಿಗಷ್ಟೇ ವಿನಾಯಿತಿ. ಸೆಟ್‌ಗಳು ಎಷ್ಟೇ ಚೆಂದವಾಗಿ ಕೂಡಿದ್ದರೂ ಬಿಡಿ ಎಲೆಗಳಂತೆಯೇ ಲೆಕ್ಕಕ್ಕೆ ಬರುತ್ತವೆ. ಮೂರು 9ಗಳಿಗೆ 27, ಮೂವರು ರಾಣಿಯರಿಗೆ 30, ಅದರ ಮೇಲೆ 25 ಸೇರಿದರೆ ಒಟ್ಟು 82 ಆಗುತ್ತದೆ. ಒಂದು ಕೈಗೆ ಗರಿಷ್ಠ 80 ಎಂಬ ಮಿತಿ, ಅಂದರೆ ಫುಲ್ ಕೌಂಟ್, ಇರುವುದರಿಂದ 80 ಬರೆಯಬೇಕು. ನಿಮ್ಮ ಷಡ್ಡಕರು ಈ ಲೆಕ್ಕದಲ್ಲೇ ಮಾತನಾಡಿದ್ದಾರೆ. ಅಸಲಿ ಒಂದಿದ್ದರೆ ಸಾಕು, ಕೂಡಿದ ಎಲೆಗಳಿಗೆಲ್ಲ ಸೊನ್ನೆ ಎಂಬ ಪದ್ಧತಿಯೂ ಅನೇಕ ಮನೆಗಳಲ್ಲಿ ರೂಢಿಯಲ್ಲಿದೆ, ಅದರ ಪ್ರಕಾರ ನಿಮ್ಮ 25 ಸರಿ. ಎಲೆ ಹಂಚುವ ಮೊದಲು ಯಾವುದನ್ನೂ ಹೇಳಿರದಿದ್ದರೆ ಆ ಮನೆಯಲ್ಲಿ ಈವರೆಗೆ ನಡೆದುಬಂದ ಪದ್ಧತಿಯೇ ನಿಲ್ಲಬೇಕು. ಶೋ ಆದ ಮೇಲೆ ನಿಯಮ ತೆಗೆಯುವ ಹಕ್ಕು ಅತಿಥಿಗೂ ಇಲ್ಲ, ಮನೆಯವರಿಗೂ ಇಲ್ಲ.

ಇವೆರಡರಲ್ಲಿ ಯಾವುದನ್ನು ಆರಿಸಿಕೊಳ್ಳುವುದು ಎಂದು ಕೇಳಿದರೆ, ಎರಡು ಸೀಕ್ವೆನ್ಸ್ ಕಡ್ಡಾಯವಿರುವ ಆಟವನ್ನೇ ನಾನು ಹೇಳುತ್ತೇನೆ, ಕಾರಣ ನಿಮ್ಮ ಕೈಯಲ್ಲೇ ಇದೆ. ಕಳಾವರ್ 2ರ ಬದಲು ಒಂದು ಜೋಕರ್ ಬಂದಿದ್ದರೆ ಅದು ಇಸ್ಪೀಟ್ 10 ಮತ್ತು ಗುಲಾಮನ ಜೊತೆ ಸೇರಿ ಸೆಕೆಂಡ್ ಲೈಫ್ ಆಗುತ್ತಿತ್ತು, ಎರಡೂ ಸೆಟ್‌ಗಳಿಗೆ ಜೀವ ಬರುತ್ತಿತ್ತು, ಡೈಮಂಡ್ 3 ಒಂದೇ ಲೆಕ್ಕಕ್ಕೆ ಉಳಿಯುತ್ತಿತ್ತು. ಅಂದರೆ ಒಂದೇ ಎಲೆಯಿಂದ 80 ಇದ್ದದ್ದು 3ಕ್ಕೆ ಇಳಿಯುತ್ತಿತ್ತು. ನಿಮ್ಮ ಮನೆಯ ಪದ್ಧತಿಯಲ್ಲಿ ಅದೇ ಜೋಕರ್ 25ನ್ನು 3 ಮಾಡುತ್ತದೆ, ಅಷ್ಟೇ. ಕಡ್ಡಾಯವಿರುವಲ್ಲಿ ಜೋಕರನ್ನು ಎಲ್ಲಿ ಹಾಕಬೇಕು, ಎರಡನೆಯ ಸೀಕ್ವೆನ್ಸಿನ ಸುಳಿವೇ ಇಲ್ಲದಿರುವಾಗ ರಾಣಿಯರ ಸೆಟ್ಟನ್ನು ಎಷ್ಟು ಹೊತ್ತು ಹಿಡಿದು ಕೂಡಬೇಕು, ಯಾವಾಗ ಒಡೆದು ಒಗೆಯಬೇಕು ಎಂಬ ನಿರ್ಧಾರಗಳು ಪ್ರತಿ ಸುತ್ತಿನಲ್ಲೂ ಎದುರಾಗುತ್ತವೆ. ಕೈಗೆ ಮೊದಲೇ ಸೆಟ್ ಬಂದವನಿಗೆ ಆಟ ಅರ್ಧ ಮುಗಿದಂತೆ ಆಗುವುದನ್ನು ಈ ಒಂದು ನಿಯಮ ತಡೆಯುತ್ತದೆ. ಎಳೆಯರಿಗೆ ಕಲಿಸುವಾಗ ಮಾತ್ರ ಒಂದು ಅಸಲಿ ಸಾಕೆಂಬ ಪದ್ಧತಿ ಒಳ್ಳೆಯದು.

ಪ್ರಶ್ನೆ: ಎಕ್ಕವನ್ನು 2ರ ಕೆಳಗೆ ಇಡಬೇಕೋ, ರಾಜನ ಮೇಲೆ ಇಡಬೇಕೋ? ನಮ್ಮಲ್ಲಿ ಕೆಲವರು ರಾಜ, ಎಕ್ಕ, 2 ಎಂದೂ ಇಡುತ್ತಾರೆ. (ಲಿಂಗಸುಗೂರಿನ ಓದುಗರು)

ಉತ್ತರ: ಹದಿಮೂರೆಲೆಯ ಆಟದಲ್ಲಿ ಎಕ್ಕ, 2, 3 ಕೂಡ ಸರಿ, ರಾಣಿ, ರಾಜ, ಎಕ್ಕ ಕೂಡ ಸರಿ. ರಾಜ, ಎಕ್ಕ, 2 ಎಂದು ಸುತ್ತು ಹಾಕುವುದನ್ನು ಹೆಚ್ಚಿನವರು ಒಪ್ಪುವುದಿಲ್ಲ. ಎಕ್ಕ ಕೆಳಗೆ ಮಾತ್ರ ಎನ್ನುವ ಮನೆಗಳೂ ಇವೆ.

ಇದು ಸಣ್ಣ ವಿಷಯವೆಂದು ತೋರಬಹುದು, ಆದರೆ ಕಾಯುವ ಎಲೆಗಳನ್ನು ಎಣಿಸಿ ನೋಡಿ. ಎರಡು ಕಟ್ಟಿನ ಆಟದಲ್ಲಿ ಪ್ರತಿ ಎಲೆ ಎರಡೆರಡು ಇರುತ್ತದೆ. ಆಟೀನ್ 6, 7 ಹಿಡಿದು ಕೂತವನಿಗೆ ಎರಡು 5, ಎರಡು 8 ಸೇರಿ ನಾಲ್ಕು ಎಲೆಗಳ ಆಸೆ ಇರುತ್ತದೆ. ಆಟೀನ್ 5, 7 ಹಿಡಿದವನಿಗೆ ನಡುವಿನ 6 ಎರಡೇ. ಎಕ್ಕ ಮೇಲೂ ನಡೆಯುವಲ್ಲಿ ರಾಜ, ರಾಣಿಯ ಜೋಡಿಗೆ ಗುಲಾಮ ಎರಡು, ಎಕ್ಕ ಎರಡು ಸೇರಿ ನಾಲ್ಕು ಎಲೆಗಳು ಒದಗುತ್ತವೆ. ಎಕ್ಕ ಕೆಳಗೆ ಮಾತ್ರವಾದರೆ ಅದೇ ಜೋಡಿ ಗುಲಾಮನನ್ನಷ್ಟೇ ಕಾಯಬೇಕು. ಆಸೆ ಅರ್ಧವಾಯಿತು, ತಲೆಯ ಮೇಲಿನ 20 ಪಾಯಿಂಟಿನ ಭಾರ ಮಾತ್ರ ಹಾಗೆಯೇ ಉಳಿಯಿತು. ಅಂಥ ಮನೆಯಲ್ಲಿ ರಾಜ, ರಾಣಿಯನ್ನು ಮೊದಲ ಸುತ್ತಿನಲ್ಲೇ ಬಿಡುವುದು ಜಾಣತನ. ಸುತ್ತು ಹಾಕುವುದನ್ನು ಒಪ್ಪಿದರೆ ತುದಿಯ ಎಲೆ ಎಂಬುದೇ ಇಲ್ಲವಾಗಿ, ರಾಜ ಮತ್ತು ಎಕ್ಕದ ಜೋಡಿಯೂ 6, 7ರ ಜೋಡಿಯೂ ಒಂದೇ ತೂಕದವಾಗುತ್ತವೆ. ತುದಿಯ ಎಲೆಗಳು ದುರ್ಬಲವಾಗಿರುವುದೇ ಈ ಆಟದ ರುಚಿಯೆಂದು ನನಗೆ ಅನಿಸುವುದರಿಂದ ಸುತ್ತು ಹಾಕುವ ಪದ್ಧತಿಯನ್ನು ನಾನು ಶಿಫಾರಸು ಮಾಡಲಾರೆ. ಎಕ್ಕ ಕೆಳಗೆ ಮಾತ್ರ ಎಂದು ಆಡುವವರು ಅದರ ಬೆಲೆಯನ್ನು 10ರ ಬದಲು 1 ಎಂದು ಎಣಿಸುವುದು ನ್ಯಾಯ.

ಪ್ರಶ್ನೆ: ಹಬ್ಬದಲ್ಲಿ ನಾವು ಎಂಟು ಜನ ಸೇರುತ್ತೇವೆ. ಎರಡು ಕಟ್ಟಿನಲ್ಲಿ ಆಡಬಹುದೇ? ಜೋಕರ್ ಎಷ್ಟಿರಬೇಕು? ಜೋಕರ್ ಆರಿಸಲು ತೆಗೆದ ಎಲೆಯೇ ಚಿತ್ರದ ಜೋಕರ್ ಆದರೆ ಏನು ಮಾಡಬೇಕು? (ಸಿರುಗುಪ್ಪದ ಓದುಗರು)

ಉತ್ತರ: ಎರಡು ಕಟ್ಟಿನ 104 ಎಲೆಗೆ ಚಿತ್ರದ ಜೋಕರ್ ಎರಡು ಸೇರಿ 106. ಎಂಟು ಜನರಿಗೆ ಹದಿಮೂರರಂತೆ ಹಂಚಿದರೆ 104 ಎಲೆ ಹೋಯಿತು, ಜೋಕರಿಗೆ ಒಂದು, ತೆರೆದಿಡಲು ಒಂದು ತೆಗೆದರೆ ಎಳೆಯುವ ರಾಶಿಯಲ್ಲಿ ಒಂದು ಎಲೆಯೂ ಉಳಿಯುವುದಿಲ್ಲ. ಏಳು ಜನರಿಗೆ ಉಳಿಯುವುದು 13, ಅಂದರೆ ತಲಾ ಎರಡೂ ಬರುವುದಿಲ್ಲ. ಆರು ಜನರಾದರೆ 26 ಉಳಿಯುತ್ತದೆ, ಪ್ರತಿಯೊಬ್ಬರೂ ನಾಲ್ಕು ಬಾರಿ ಎಳೆಯುವಷ್ಟರಲ್ಲಿ ರಾಶಿ ಹೆಚ್ಚುಕಡಿಮೆ ಮುಗಿದು, ಒಗೆದ ಎಲೆಗಳನ್ನು ಮೇಲಿನದೊಂದನ್ನು ಬಿಟ್ಟು ಕಲೆಸಿ ಮತ್ತೆ ಇಡಬೇಕಾಗುತ್ತದೆ. ಎರಡು ಕಟ್ಟಿಗೆ ಆರು ಜನ ಎಂಬ ಮಿತಿ ಬಂದಿರುವುದು ಹೀಗೆ. ನೀವು ಮೂರು ಕಟ್ಟು, ಮೂರು ಚಿತ್ರದ ಜೋಕರ್ ಇಟ್ಟುಕೊಳ್ಳಿ: 159ರಲ್ಲಿ ಹಂಚಿ, ಎರಡು ತೆಗೆದ ಮೇಲೂ 53 ಉಳಿಯುತ್ತದೆ. ಇನ್ನೂ ಒಳ್ಳೆಯದೆಂದರೆ ನಾಲ್ಕು ನಾಲ್ಕು ಜನರ ಎರಡು ಪಂಕ್ತಿ ಮಾಡುವುದು, ಏಕೆಂದರೆ ಎಂಟು ಜನರ ಆಟದಲ್ಲಿ ಒಗೆದ ಎಲೆಗಳನ್ನು ನೆನಪಿಟ್ಟುಕೊಂಡು ಆಡುವುದು ಬಹಳ ಕಷ್ಟ.

ಜೋಕರುಗಳ ಸಂಖ್ಯೆಯನ್ನು ಹೀಗೆ ಎಣಿಸಿ. ಎರಡು ಕಟ್ಟಿನಲ್ಲಿ ಜೋಕರ್ ಆರಿಸಲು ತೆಗೆದ ಎಲೆ 8 ಆದರೆ 8ಗಳೆಲ್ಲ ಜೋಕರ್; ಒಟ್ಟು ಎಂಟು 8ಗಳಿವೆ, ಒಂದು ರಾಶಿಯ ಕೆಳಗೆ ಮಲಗಿದೆ, ಆಟದಲ್ಲಿ ಏಳು. ಚಿತ್ರದವು ಎರಡು ಸೇರಿ ಒಂಬತ್ತು. ಪ್ರತಿ ಕಟ್ಟಿನಲ್ಲೂ ಎರಡೆರಡು ಚಿತ್ರದ ಜೋಕರ್ ಬರುತ್ತವೆಂದು ನಾಲ್ಕನ್ನೂ ಇಟ್ಟುಕೊಂಡರೆ ಹನ್ನೊಂದಾಗುತ್ತದೆ, ಸೆಟ್‌ಗಳು ಬೇಗ ಕೂಡುತ್ತವೆ, ಆಟ ಅಸಲಿ ಸೀಕ್ವೆನ್ಸ್ ಮೊದಲು ಸಿಕ್ಕವನ ಕಡೆಗೆ ವಾಲುತ್ತದೆ. ಕಟ್ಟಿಗೊಂದು ಸಾಕು. ತೆಗೆದ ಎಲೆಯೇ ಚಿತ್ರದ ಜೋಕರ್ ಆದರೆ ನಾಲ್ಕೂ ಬಣ್ಣದ ಎಕ್ಕಗಳನ್ನು ಜೋಕರ್ ಮಾಡುವುದು ಈಗ ಹೆಚ್ಚು ಪ್ರಚಲಿತ. ಮತ್ತೆ ಕಟ್ ಮಾಡುವವರೂ ಇದ್ದಾರೆ. ಯಾವುದಾದರೂ ಸರಿ, ಎಕ್ಕಗಳನ್ನು ಕೈಯಲ್ಲಿ ನೋಡಿಕೊಂಡ ಮೇಲೆ ಆ ಚರ್ಚೆ ಎತ್ತಬಾರದು.

ಜೋಕರ್ ರಮ್ಮಿಯ ಜೊತೆಗೇ ಹುಟ್ಟಿದ್ದಲ್ಲ ಎಂಬುದನ್ನೂ ಇಲ್ಲಿ ಹೇಳಬೇಕು. ಈ ಬಳಗದ ಹಳೆಯ ಆಟವೆಂದು ಹೆಸರಾದ ಮೆಕ್ಸಿಕೋದ ಕಾಂಕಿಯಾನ್ ಅನ್ನು 40 ಎಲೆಗಳ ಸ್ಪ್ಯಾನಿಷ್ ಕಟ್ಟಿನಲ್ಲಿ ಜೋಕರ್ ಇಲ್ಲದೆ ಇಬ್ಬರೇ ಆಡುತ್ತಿದ್ದರು. ಜೋಕರ್ ಎಲೆ 1860ರ ದಶಕದಲ್ಲಿ ಅಮೆರಿಕದ ಯೂಕರ್ ಎಂಬ ತುರುಫಿನ ಆಟಕ್ಕಾಗಿ ಸೇರಿಕೊಂಡದ್ದು. ಆದ್ದರಿಂದ ಜೋಕರ್ ಇಲ್ಲದೆ ಆಡುತ್ತೇವೆ ಎನ್ನುವ ಹಿರಿಯರನ್ನು ತಪ್ಪು ಆಡುತ್ತಿದ್ದಾರೆ ಎನ್ನಲಾಗದು.

ಪ್ರಶ್ನೆ: ಎರಡು ಆಟೀನ್ 7 ಮತ್ತು ಒಂದು ಕಳಾವರ್ 7 ಸೇರಿಸಿದರೆ ಸೆಟ್ ಆಗುತ್ತದೆಯೇ? (ಗಂಗಾವತಿಯ ಓದುಗರು)

ಉತ್ತರ: ಆಗುವುದಿಲ್ಲ. ಸೆಟ್ಟಿನಲ್ಲಿ ಪ್ರತಿ ಎಲೆಯ ಬಣ್ಣ ಬೇರೆಯಾಗಿರಬೇಕು, ಆದ್ದರಿಂದಲೇ ಒಂದು ಸೆಟ್ಟಿನಲ್ಲಿ ಅಸಲಿ ಎಲೆಗಳು ನಾಲ್ಕಕ್ಕಿಂತ ಹೆಚ್ಚಿರಲಾರವು. ಒಂದು ಆಟೀನ್ 7, ಕಳಾವರ್ 7, ಜೊತೆಗೊಂದು ಜೋಕರ್ ಇಟ್ಟರೆ ಸೆಟ್ ಆಗುತ್ತದೆ; ಇನ್ನೊಂದು ಆಟೀನ್ 7 ಕೈಯಲ್ಲಿ ಭಾರವಷ್ಟೇ.

ಪ್ರಶ್ನೆ: 101ರ ಪೂಲ್ ಆಟದಲ್ಲಿ ಡ್ರಾಪ್‌ಗೆ 20 ಏಕೆ, 201ರಲ್ಲಿ 25 ಏಕೆ? ಔಟಾದವರು ಮತ್ತೆ ಸೇರಬಹುದೇ? (ಕೊಪ್ಪಳದ ಓದುಗರು)

ಉತ್ತರ: ಈ ಅಂಕಿಗಳ ಹಿಂದೆ ಬಹಳ ಅಚ್ಚುಕಟ್ಟಾದ ಲೆಕ್ಕವಿದೆ. ಪೂಲ್ ಆಟದಲ್ಲಿ ಪ್ರತಿ ಕೈಯ ಪಾಯಿಂಟ್ ಕೂಡಿಸುತ್ತ ಹೋಗಿ 101 ಮುಟ್ಟಿದವರು ಔಟ್. ಕೈಯನ್ನು ಆಡದೆ ಬಿಟ್ಟುಬಿಡುವುದೇ ಡ್ರಾಪ್. ಮೊದಲ ಎಲೆ ಎಳೆಯುವ ಮುನ್ನವೇ ಕೈ ಕೆಳಗಿಟ್ಟರೆ 20, ಆಡಲು ತೊಡಗಿ ನಡುವೆ ಬಿಟ್ಟರೆ 40. ಇಪ್ಪತ್ತರಂತೆ ಐದು ಬಾರಿ ಬಿಟ್ಟರೆ 100 ಆಗುತ್ತದೆ, ಆರನೆಯದಕ್ಕೆ ಔಟ್. 201ರಲ್ಲಿ ಮೊದಲ ಡ್ರಾಪ್ 25, ನಡುವಿನದು 50. ಎಂಟು ಡ್ರಾಪ್‌ಗೆ 200 ಆಗಿ ಅಂಚಿನಲ್ಲಿ ನಿಲ್ಲುತ್ತೀರಿ. 101 ಆಡುವವರು ಡ್ರಾಪ್‌ಗೆ 25 ಇಟ್ಟರೆ ನಾಲ್ಕಕ್ಕೇ 100, ಒಂದು ಅವಕಾಶವೇ ಕಡಿಮೆಯಾಯಿತು. 10 ಇಟ್ಟರೆ ಕೆಟ್ಟ ಕೈ ಬಂದ ತಕ್ಷಣ ಎಲ್ಲರೂ ಬಿಡತೊಡಗಿ ಆಟವೇ ನಡೆಯುವುದಿಲ್ಲ.

ಮತ್ತೆ ಸೇರುವ ಬಗ್ಗೆ ರೂಢಿಯಲ್ಲಿರುವ ನಿಯಮವೆಂದರೆ, ಉಳಿದವರಲ್ಲಿ ಅತಿ ಹೆಚ್ಚು ಪಾಯಿಂಟ್ ಇರುವವರದು 101ರ ಆಟದಲ್ಲಿ 79ನ್ನು, 201ರಲ್ಲಿ 174ನ್ನು ಮೀರಿರಬಾರದು. ಹೊಸದಾಗಿ ಸೇರುವವರು ಆ ಅತಿ ಹೆಚ್ಚಿನದಕ್ಕೆ ಒಂದು ಕೂಡಿಸಿಕೊಂಡು ಶುರುಮಾಡಬೇಕು. 79ಕ್ಕೆ ಒಂದು ಸೇರಿ 80ರಿಂದ ಶುರುಮಾಡಿದವರಿಗೆ ಒಂದು ಡ್ರಾಪ್ ಉಳಿದಿರುತ್ತದೆ, ಏಕೆಂದರೆ 80ಕ್ಕೆ 20 ಕೂಡಿಸಿದರೆ 100. ಅದೇ ರೀತಿ 175ಕ್ಕೆ 25 ಕೂಡಿಸಿದರೆ 200. ಒಂದಾದರೂ ಕೆಟ್ಟ ಕೈಯನ್ನು ಬಿಟ್ಟು ಬದುಕುವ ಅವಕಾಶ ಇಲ್ಲದವರನ್ನು ಮತ್ತೆ ಕೂರಿಸಬಾರದೆಂಬ ಕಾಳಜಿ ಈ ಮಿತಿಯಲ್ಲಿದೆ ಎಂದು ನನಗೆ ತೋರುತ್ತದೆ. ನಿಮ್ಮ ಮನೆಯಲ್ಲಿ ಡ್ರಾಪ್ ಪಾಯಿಂಟ್ ಬೇರೆಯಿದ್ದರೆ ಈ 79ನ್ನೂ ಅದಕ್ಕೆ ತಕ್ಕಂತೆ ಬದಲಿಸಿಕೊಳ್ಳಿ. ಒಂದನ್ನು ಬದಲಿಸಿ ಇನ್ನೊಂದನ್ನು ಹಾಗೇ ಬಿಟ್ಟರೆ ಲೆಕ್ಕ ಕೂಡುವುದಿಲ್ಲ.

ಪ್ರಶ್ನೆ: ಶೋ ಮಾಡಿದವರ ಕೈ ತಪ್ಪಾಗಿದ್ದರೆ ಉಳಿದವರ ಆಟ ಮುಂದುವರಿಯಬೇಕೇ? (ಮಾನ್ವಿಯ ಓದುಗರು)

ಉತ್ತರ: ತಪ್ಪು ಶೋಗೆ 80 ಎಂಬುದರಲ್ಲಿ ಹೆಚ್ಚು ಭಿನ್ನಾಭಿಪ್ರಾಯವಿಲ್ಲ. ಇಬ್ಬರೇ ಇದ್ದರೆ ಆ ಕೈ ಅಲ್ಲಿಗೆ ಮುಗಿಯಿತು. ಮೂವರು ಅಥವಾ ಹೆಚ್ಚು ಜನರಿದ್ದರೆ ಉಳಿದವರು ಮುಂದುವರಿಸುವುದೇ ಸರಿ, ಆದರೆ ಅವರು ತಮ್ಮ ಎಲೆಗಳನ್ನು ಇನ್ನೂ ತೋರಿಸಿರಬಾರದು. ಆದ್ದರಿಂದ ಯಾರೇ ಶೋ ಎಂದು ಎಲೆ ಮುಚ್ಚಿಟ್ಟರೂ, ಅವರ ಕೈಯನ್ನು ಎಲ್ಲರೂ ನೋಡಿ ಒಪ್ಪುವವರೆಗೆ ನಿಮ್ಮ ಕೈಯನ್ನು ಬಿಚ್ಚಬೇಡಿ.

ಪ್ರಶ್ನೆ: ಆದೋನಿ ಕಡೆಯ ಬೀಗರು 21 ಎಲೆಯ ರಮ್ಮಿ ಆಡುತ್ತಾರೆ. ನಮ್ಮ 13ರ ಆಟ ಬಲ್ಲವರು ಅದರಲ್ಲಿ ಕೂತುಕೊಳ್ಳಬಹುದೇ? (ರಾಯಚೂರಿನ ಓದುಗರು)

ಉತ್ತರ: ಕೂತುಕೊಳ್ಳಬಹುದು, ಆದರೆ ಮೊದಲ ಕೆಲವು ಕೈಗಳನ್ನು ಪಕ್ಕದಲ್ಲಿ ಕೂತು ನೋಡಿ. ಮೂರು ಕಟ್ಟಿನ ಈ ಆಟದಲ್ಲಿ ಅಸಲಿ ಸೀಕ್ವೆನ್ಸ್ ಒಂದು ಸಾಲದು, ಮೂರು ಬೇಕು. ಕಟ್ ಮಾಡಿದ ಜೋಕರ್ ಅಲ್ಲದೆ, ಅದೇ ಬಣ್ಣದಲ್ಲಿ ಅದರ ಒಂದು ಮೆಟ್ಟಿಲು ಮೇಲಿನ ಮತ್ತು ಕೆಳಗಿನ ಎಲೆಗಳೂ ಜೋಕರ್ ಆಗುತ್ತವೆ, ಅವುಗಳಿಗೆ ಬೇರೆ ಬೋನಸ್ ಇರುತ್ತದೆ. ನಮ್ಮ ಆಟದಲ್ಲಿ ಭಾರವಾಗುವ ಒಂದೇ ಥರದ ಎಲೆಗಳು ಅಲ್ಲಿ ಸಂಪತ್ತು: ಒಂದೇ ಬಣ್ಣದ, ಒಂದೇ ಅಂಕಿಯ ಮೂರು ಎಲೆ ಸೇರಿದರೆ ಟನೆಲಾ, ಅಂಥವು ಮೂರು ಕೂಡಿದರೆ ಉಳಿದ ಎಲೆ ಹೇಗಿದ್ದರೂ ಕೈ ಮುಗಿಸುವ ಪದ್ಧತಿ ಇದೆ. ಬೋನಸ್ಸಿನ ಅಂಕಿಗಳು ಮನೆಯಿಂದ ಮನೆಗೆ ಬದಲಾಗುವುದರಿಂದ ಅವನ್ನು ಕಾಗದದ ಮೇಲೆ ಬರೆಸಿಕೊಂಡೇ ಶುರುಮಾಡಿ. ಹದಿಮೂರೆಲೆಯ ಅಭ್ಯಾಸದಲ್ಲಿ ಜೋಡಿ ಎಲೆಯನ್ನು ಮೊದಲೇ ಒಗೆಯುವ ನಿಮ್ಮ ಕೈ ಅಲ್ಲಿ ತಡೆಯಬೇಕು.

ಪ್ರಶ್ನೆ: ರಮ್ಮಿ ಜೂಜೇ? ಮಗ ಮೊಬೈಲಿನಲ್ಲಿ ಆಡುತ್ತಾನೆ. (ಸಂಡೂರಿನ ಓದುಗರು)

ಉತ್ತರ: ಸಿಕಂದರಾಬಾದಿನ ಕ್ಲಬ್ಬೊಂದರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1967ರಲ್ಲಿ, ಬಿದ್ದ ಎಲೆಗಳನ್ನು ನೆನಪಿಟ್ಟು, ಯಾವುದನ್ನು ಹಿಡಿಯಬೇಕು, ಯಾವುದನ್ನು ಬಿಡಬೇಕೆಂದು ನಿರ್ಧರಿಸಬೇಕಾದ್ದರಿಂದ ರಮ್ಮಿ ಮುಖ್ಯವಾಗಿ ಕೌಶಲದ ಆಟ, ಮೂರೆಲೆಯ ಆಟದಂತೆ ಕೇವಲ ಅದೃಷ್ಟದ್ದಲ್ಲ ಎಂದು ಹೇಳಿತು. ಪಣದ ಆಟದಿಂದ ಮನೆಯ ಅಥವಾ ಕ್ಲಬ್ಬಿನ ಮಾಲೀಕರು ಲಾಭ ಮಾಡಿಕೊಂಡರೆ ಅಪರಾಧವಾಗಬಹುದೆಂದೂ ಅದೇ ತೀರ್ಪು ಎಚ್ಚರಿಸಿದೆ. ಮೊಬೈಲಿನ ಮಾತು ಬೇರೆ: ಸಂಸತ್ತು 2025ರ ಆಗಸ್ಟ್‌ನಲ್ಲಿ ಅಂಗೀಕರಿಸಿದ ಕಾಯ್ದೆ ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು, ಅವು ಕೌಶಲದವಾದರೂ ಸರಿ, ನಿಷೇಧಿಸಿದೆ. ಮಗ ಹಣವಿಲ್ಲದೆ ಆಡುತ್ತಿದ್ದಾನೆಯೇ ಎಂಬುದನ್ನು ಅವನ ಜೊತೆ ಕೂತು ವಿಚಾರಿಸಿ. ಸಾಧ್ಯವಾದರೆ ಮನೆಯಲ್ಲೇ ನಿಜವಾದ ಎಲೆ ಹಂಚಿ ಆಡಿಸಿ. ಎದುರಿನವರ ಮುಖ ನೋಡುತ್ತ ಆಡುವುದೇ ಈ ಆಟದ ದೊಡ್ಡ ಪಾಠ.

ಪ್ರಶ್ನೆ: ಮಕ್ಕಳೆಲ್ಲ ಊರು ಬಿಟ್ಟಿದ್ದಾರೆ, ನಾವು ಗಂಡ ಹೆಂಡತಿ ಇಬ್ಬರೇ. ಇಬ್ಬರಿಗೆ ಹದಿಮೂರೆಲೆಯ ಆಟ ಬೇಸರ ತರುತ್ತಿದೆ. ಬೇರೆ ಪದ್ಧತಿ ಇದೆಯೇ? (ಯಲಬುರ್ಗಾದ ಓದುಗರು)

ಉತ್ತರ: ಇಬ್ಬರಿಗೆಂದೇ ಜಿನ್ ರಮ್ಮಿ ಇದೆ. ನ್ಯೂಯಾರ್ಕಿನ ಎಲ್ವುಡ್ ಬೇಕರ್ 1909ರಲ್ಲಿ ಇದನ್ನು ರೂಪಿಸಿದರೆಂದು ಸಾಮಾನ್ಯವಾಗಿ ಹೇಳುತ್ತಾರೆ. ಎರಡು ಕಟ್ಟಿನಲ್ಲಿ ಇಬ್ಬರೇ ಆಡಿದರೆ ರಾಶಿಯಲ್ಲಿ 78 ಎಲೆ ಉಳಿದು, ಕಾಯುವ ಎಲೆ ಎಂದಾದರೂ ಬಂದೇ ಬರುತ್ತದೆಂಬ ಸೋಮಾರಿತನ ಆಟಕ್ಕೆ ಬರುತ್ತದೆ. ಜಿನ್‌ನಲ್ಲಿ ಒಂದೇ ಕಟ್ಟು, 52 ಎಲೆ, ಜೋಕರ್ ಇಲ್ಲ, ತಲಾ ಹತ್ತು ಎಲೆ. ಎಕ್ಕ ಕೆಳಗೆ ಮಾತ್ರ, ಬೆಲೆ 1. ಸೀಕ್ವೆನ್ಸ್ ಕಡ್ಡಾಯವೇನಿಲ್ಲ, ಮೂರು ಅಥವಾ ಹೆಚ್ಚು ಎಲೆಗಳ ಸೀಕ್ವೆನ್ಸ್ ಆದರೂ ಸೆಟ್ ಆದರೂ ಸರಿ.

ಈ ಆಟದ ಸೊಗಸು ಮುಗಿಸುವ ರೀತಿಯಲ್ಲಿದೆ. ಕೈ ಪೂರ್ತಿ ಕೂಡುವವರೆಗೆ ಕಾಯಬೇಕಿಲ್ಲ, ಬಿಡಿ ಎಲೆಗಳ ಮೊತ್ತ 10 ಅಥವಾ ಅದಕ್ಕಿಂತ ಕಡಿಮೆಯಾದ ಕೂಡಲೇ ನಾಕ್ ಎಂದು ಎಲೆ ಇಳಿಸಬಹುದು. ಎದುರಿನವರು ತಮ್ಮ ಬಿಡಿ ಎಲೆಗಳನ್ನು ಇಳಿಸಿದವರ ಸೆಟ್ ಅಥವಾ ಸೀಕ್ವೆನ್ಸಿಗೆ ಹಚ್ಚಬಹುದು. ಉದಾಹರಣೆಗೆ, ನೀವು ಮೂರು 9ಗಳ ಸೆಟ್ ಸಹಿತ 7 ಪಾಯಿಂಟಿಗೆ ನಾಕ್ ಮಾಡಿದಿರಿ. ನಿಮ್ಮ ಮನೆಯವರ ಬಿಡಿ ಎಲೆಗಳ ಮೊತ್ತ 15 ಇದ್ದರೂ ಅದರಲ್ಲಿ ನಾಲ್ಕನೆಯ 9 ಇದ್ದರೆ ಅದನ್ನು ನಿಮ್ಮ ಸೆಟ್ಟಿಗೆ ಹಚ್ಚಿ 6ಕ್ಕೆ ಇಳಿಯುತ್ತಾರೆ. ಆಗ ಕೈ ಗೆದ್ದದ್ದು ಅವರು: ವ್ಯತ್ಯಾಸದ 1 ಮತ್ತು ಅಂಡರ್‌ಕಟ್ಟಿನ ಬೋನಸ್ 25 ಸೇರಿ 26 ಅವರಿಗೆ. ಒಂದೂ ಬಿಡಿ ಎಲೆ ಇಲ್ಲದೆ ಮುಗಿಸಿದರೆ ಜಿನ್, ಅದಕ್ಕೂ 25. ಆಗ ಎದುರಿನವರು ಏನನ್ನೂ ಹಚ್ಚುವಂತಿಲ್ಲ. ಹಳೆಯ ಪುಸ್ತಕಗಳಲ್ಲಿ ಈ ಬೋನಸ್‌ಗಳು ಕಡಿಮೆ ಇದ್ದವು. ಬೋನಸ್ ಹೆಚ್ಚಿದಷ್ಟೂ ಬೇಗ ನಾಕ್ ಮಾಡುವ ಧೈರ್ಯಕ್ಕೆ ಬೆಲೆ ತೆರಬೇಕಾಗುವುದರಿಂದ 25ನ್ನೇ ಇಟ್ಟುಕೊಳ್ಳಿ. ರಾಶಿಯಲ್ಲಿ ಕೊನೆಯ ಎರಡು ಎಲೆ ಉಳಿದರೆ ಆ ಕೈ ರದ್ದು. ಮೊದಲು 100 ಮುಟ್ಟಿದವರು ಗೆದ್ದಂತೆ.

ಕೈ ಪಳಗಿದ ಮೇಲೆ ಒಕ್ಲಹೋಮಾ ಎಂಬ ಮಾರ್ಪಾಟನ್ನು ಆಡಿ ನೋಡಿ. ಅದರಲ್ಲಿ ಮೊದಲು ತೆರೆದಿಟ್ಟ ಎಲೆಯ ಬೆಲೆಯೇ ಆ ಕೈಯ ನಾಕ್ ಮಿತಿ. 4 ಬಿದ್ದರೆ 4ಕ್ಕೆ ಇಳಿಯುವವರೆಗೆ ಕಾಯಬೇಕು, ರಾಜ ಬಿದ್ದರೆ ಎಂದಿನಂತೆ 10. ತೆರೆದ ಎಲೆ ಇಸ್ಪೀಟ್ ಆದರೆ ಆ ಕೈಯ ಪಾಯಿಂಟ್ ಎರಡು ಪಟ್ಟು. ಎಕ್ಕ ಬಿದ್ದಾಗ 1ಕ್ಕೆ ನಾಕ್ ಮಾಡಬಹುದೋ, ಜಿನ್ ಆಗಲೇಬೇಕೋ ಎಂಬುದರಲ್ಲಿ ಎರಡು ಪದ್ಧತಿಗಳಿವೆ. ಜಿನ್ ಆಗಲೇಬೇಕೆಂದು ಇಟ್ಟುಕೊಂಡರೆ ಆ ಕೈಯಲ್ಲಿ ಇಬ್ಬರೂ ಕೊನೆಯವರೆಗೆ ಒಂದೊಂದು ಎಲೆಯನ್ನೂ ತೂಗಿ ಒಗೆಯಬೇಕಾಗುತ್ತದೆ.